ಇಪ್ಪತ್ತೆರಡರ ಮುಂದಿನ ಪ್ಲಸ್

ಐದು ವರ್ಷದ ಹಿಂದೆ ನಾನು ಬಳ್ಳಾರಿಯ ಕೌಲ್ ಬಜಾರ್‌ನ ಸಣ್ಣ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ಪ್ರೋಗ್ರಾಮರ್ ಆಗಿದ್ದೆ. ಅಕ್ಕಿ ಗಿರಣಿಗಳಿಗೆ ಪ್ರೋಗ್ರಾಂ ಬರೆಯುವುದು ನಮ್ಮ ಕೆಲಸ. ಕುರುಗೋಡಿನ ಗಿರಿಜಕ್ಕ ಕಚೇರಿಯಲ್ಲಿ ನನಗೆ ಹಿರಿಯಳು. ಹೋದ ವರ್ಷ ತೀರಿಕೊಂಡಳು. ಅವಳು ಇದ್ದಷ್ಟು ದಿನವೂ ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಸಿರುಗುಪ್ಪದ ಗಿರಣಿಗೆ ಹೋದಾಗಲೆಲ್ಲ ಅಲ್ಲಿನ ಮೇಲ್ವಿಚಾರಕ ಮಲ್ಲಣ್ಣ ನನ್ನ ಬೆನ್ನ ಹಿಂದೆ ನೋಡುತ್ತಿದ್ದರು. "ಗಿರಿಜಕ್ಕ ಬರಲಿಲ್ಲೇನ್ರಿ?" ನನಗೆ ಕುರ್ಚಿ ಸಿಗುತ್ತಿದ್ದುದು ಆಮೇಲೆ.

ಆ ಗಿರಣಿಯ ಪ್ರೋಗ್ರಾಂ ಅವಳು ಪಿಎಚ್‌ಪಿ ಭಾಷೆಯಲ್ಲಿ ಬರೆದದ್ದು. ಬಂದ ಭತ್ತದ (ಅಲ್ಲಿನವರಿಗೆ ಅದು ನೆಲ್ಲು) ತೇವಾಂಶವನ್ನು ಗುಮಾಸ್ತ ಮೀಟರಿನಲ್ಲಿ ನೋಡಿ ಟೈಪ್ ಮಾಡುತ್ತಾನೆ. ಶೇಕಡಾ ಹದಿನಾಲ್ಕಕ್ಕಿಂತ ಹೆಚ್ಚಿದ್ದರೆ ಲೋಡು ಡ್ರೈಯರಿಗೆ, ಇಲ್ಲದಿದ್ದರೆ ನೇರ ಗೋದಾಮಿಗೆ. ಇದನ್ನು ಜಾವಾಸ್ಕ್ರಿಪ್ಟ್‌ಗೆ ಬದಲಿಸುವ ಕೆಲಸ ನನಗೆ ಬಂತು. ಅವಳು ಮಗಳ ಬಾಣಂತನಕ್ಕೆಂದು ಊರಿಗೆ ಹೊರಟಿದ್ದಳು. "ಏನಾರ ತಿಳೀಲಿಲ್ಲಂದ್ರ ಫೋನ್ ಮಾಡವಾ ಶೋಭಾ" ಎಂದಳು. ಮಾಡಬಾರದೆಂದು ಅಲ್ಲೇ ತೀರ್ಮಾನಿಸಿದೆ.

ಸಾಲಿಗೆ ಸಾಲು ಬದಲಿಸಿದೆ. 12, 16, 22 ಎಂದು ನಾನೇ ಟೈಪ್ ಮಾಡಿ ಪರೀಕ್ಷಿಸಿದೆ. ಎಲ್ಲ ಸರಿಯಾಗಿತ್ತು.

ಹೊಸ ಪ್ರೋಗ್ರಾಂ ಗಿರಣಿಯಲ್ಲಿ ಶುರುವಾದ ನಾಲ್ಕನೇ ದಿನ ಬೆಳಿಗ್ಗೆ ಮಲ್ಲಣ್ಣನ ಫೋನ್ ಬಂತು. "ಚೀಲದಾಗ ಕೈ ಇಟ್ರ ಸುಡಾಕತ್ತೈತ್ರಿ! ಹಸಿ ನೆಲ್ಲು ಗೋದಾಮಿಗೆ ಹಾಕ್ಸೈತಿ ನಿಮ್ ಕಂಪ್ಯೂಟರು. ಅದಕ್ಕೇನು ಜ್ವರ ಬಂದೈತೇನು?"

ಹಸಿ ಭತ್ತ ಚೀಲದಲ್ಲಿ ತಾನೇ ಕಾಯುತ್ತದೆ; ಹಾಗೇ ಬಿಟ್ಟರೆ ಅಕ್ಕಿ ಹಳದಿಯಾಗುತ್ತದೆ. ಗಿರಣಿ ನಮ್ಮನ್ನು ಕೈಬಿಡುತ್ತದೆ. ಎರಡು ತಾಸು ಕೋಡ್ ನೋಡಿದೆ. ಒಂದು ದೋಷವೂ ಕಾಣಲಿಲ್ಲ. ಕೊನೆಗೆ ಕುರುಗೋಡಿಗೆ, ಗಿರಿಜಕ್ಕನಿಗೆ ಫೋನ್ ಮಾಡಿ ಆದದ್ದನ್ನು ಹೇಳಿದೆ.

"ಪ್ಲಸ್ ನೋಡಿದ್ಯೇನು?" ಎಂದಳು.

"ಯಾವ ಪ್ಲಸ್ಸು?"

"ಹಮಾಲರು ನೆಲ್ಲು ಹಿಚುಕಿ ನೋಡಿ, ಮೀಟರ್ ತೋರಿಸಿದ ಇಪ್ಪತ್ತೆರಡಕ್ಕಿಂತ ಹಸಿ ಐತಿ ಅಂದ್ರ, ಗುಮಾಸ್ತ ಇಪ್ಪತ್ತೆರಡರ ಮುಂದ ಪ್ಲಸ್ ಹಾಕ್ತಾನ. ಮೀಟರಿಗೆ ಬುದ್ಧಿ ಇಲ್ಲಂತ ಅವರ ಲೆಕ್ಕ!" ನಕ್ಕಳು.

"22+" ಕಂಪ್ಯೂಟರಿಗೆ ಅಂಕಿಯಲ್ಲ, ಬರೀ ಅಕ್ಷರಸಾಲು. ಅದನ್ನು ಅಂಕಿಯೊಂದಿಗೆ ಹೋಲಿಸಿದರೆ ಎರಡೂ ಭಾಷೆಗಳು ನಾವು ಹೇಳದಿದ್ದರೂ ತಾವೇ ಅಂಕಿಯಾಗಿಸಲು ನೋಡುತ್ತವೆ. ಇದಕ್ಕೆ ಇಂಪ್ಲಿಸಿಟ್ ಟೈಪ್ ಕನ್ವರ್ಷನ್ ಎನ್ನುತ್ತಾರೆ. ಅವಳು ಬಳಸಿದ ಹಳೆಯ ಪಿಎಚ್‌ಪಿ 22 ಓದಿಕೊಂಡು ಪ್ಲಸ್ ಬಿಟ್ಟುಬಿಡುತ್ತಿತ್ತು. ಜಾವಾಸ್ಕ್ರಿಪ್ಟ್ ಇಡೀ ಸಾಲನ್ನೇ 'ಅಂಕಿಯಲ್ಲ' ಎಂದುಕೊಳ್ಳುತ್ತದೆ. ಅದು ಹದಿನಾಲ್ಕಕ್ಕಿಂತ ದೊಡ್ಡದೇ ಎಂದು ಕೇಳಿದರೆ, ದೋಷ ತೋರಿಸದೆ, ಅಲ್ಲ ಎನ್ನುತ್ತದೆ. ಹೀಗೆ ಎಲ್ಲಕ್ಕಿಂತ ಹಸಿಯಾದ ಭತ್ತವೇ ಗೋದಾಮು ಸೇರಿತ್ತು.

ಮಧ್ಯಾಹ್ನ ನಾನು ಸಿರುಗುಪ್ಪ ತಲುಪುವಷ್ಟರಲ್ಲಿ ಅವಳು ಕುರುಗೋಡಿನಿಂದ ಬಂದು, ಚೀಲ ಬಿಚ್ಚಿಸಿ ಡ್ರೈಯರಿಗೆ ಹಾಕಿಸುತ್ತಿದ್ದಳು. ಭತ್ತ ಉಳಿಯಿತು. "ಪ್ಲಸ್ಸಿನ ವಿಷಯ ನಾನು ಬರೆದಿಡಬೇಕಿತ್ತು ಮಲ್ಲಣ್ಣ, ತಪ್ಪು ನಂದು" ಎಂದಳು.

"ನಿಮ್ಮದೇನ್ ತಪ್ಪು ಬಿಡ್ರಿ ಅಕ್ಕ" ಎಂದರು ಅವರು, ನನ್ನ ಕಡೆ ನೋಡುತ್ತ.

ನನ್ನನ್ನು ಉಳಿಸಿದ್ದಕ್ಕೇ ಅವಳ ಮೇಲೆ ಇನ್ನಷ್ಟು ಉರಿದೆ. ಉಪಕಾರವಾಯಿತು ಎಂದು ಒಂದು ಮಾತೂ ಹೇಳಲಿಲ್ಲ.

ಈಗ ಕೋಡ್ ಬದಲಿಸುವ ಮೊದಲು, ಜನ ನಿಜವಾಗಿ ಟೈಪ್ ಮಾಡಿದ ಹಳೆಯ ದಾಖಲೆ ತೆರೆದು ಓದುತ್ತೇನೆ. ಅಂಕಿಯಾಗಿಸುವುದನ್ನು ಭಾಷೆಗೆ ಬಿಡುವುದಿಲ್ಲ. ಗೊತ್ತಾಗದ್ದು ಬಂದರೆ ಪ್ರೋಗ್ರಾಂ ತಾನೇ ಊಹಿಸದೆ, ನಿಂತು ಕೇಳುವಂತೆ ಬರೆಯುತ್ತೇನೆ. ಆಗ, ಕೇಳಿದರೆ ಸಣ್ಣವಳಾಗುತ್ತೇನೆಂದು ನಾನು ತಿಳಿದಿದ್ದೆ.

ಹೋದ ವರ್ಷ ಗಿರಿಜಕ್ಕನ ಮಣ್ಣಿಗೆ ಮಲ್ಲಣ್ಣ ಹಮಾಲರನ್ನೂ ಕರೆದುಕೊಂಡು ಅವಳ ಮನೆಗೆ ಬಂದಿದ್ದರು. ಗೋಡೆಗೆ ಒರಗಿ ಎಲ್ಲರೂ ದನಿ ತೆಗೆದು ಅತ್ತರು. ನಾನು ಬಾಗಿಲಲ್ಲೇ ನಿಂತಿದ್ದೆ. ಅವಳಿಗಾಗಿ ಅಷ್ಟು ನಿರಾಳವಾಗಿ ಅಳಲು ಅವರಿಗೆ ಆಗುತ್ತಿದೆಯಲ್ಲ ಎಂದು ಅವರ ಮೇಲೂ ಹೊಟ್ಟೆಕಿಚ್ಚಾಯಿತು.