ಪಿನ್‌ಬಾಲ್ ಮೇಜಿನ ಎಡಗಡೆ ಬಟನ್

ಕೊರೋನಾ ಕಳೆದು ಎರಡನೇ ವರ್ಷ. ಆಗ ನಾನು ಸಾಗರದ ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ಕಾಂಪ್ಲೆಕ್ಸಿನ ಮೊದಲ ಮಹಡಿಯ ವಿಡಿಯೋ ಗೇಮ್ ಅಂಗಡಿಯಲ್ಲಿ ಅಟೆಂಡರ್ ಆಗಿದ್ದೆ. ಸೇರಿದ್ದು ಕಸ ಗುಡಿಸುವುದಕ್ಕೆ. ಆಮೇಲೆ ಬೀಗದ ಕೈ ಕೊಟ್ಟರು, ಆಮೇಲೆ ಮೆಷಿನ್‌ಗಳನ್ನೂ ನೀನೇ ನೋಡಿಕೋ ಎಂದರು. ಹೆಸರು ದೊಡ್ಡದಾಯಿತು, ಗುಡಿಸುವುದು ತಪ್ಪಲಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿ ಕೂಡಿಸಿ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಅಂಗಡಿಯಲ್ಲಿ ಎಂಟು ಮೆಷಿನ್ ಇದ್ದವು. ಕಾರು ಓಡಿಸುವುದು, ಬಂದೂಕು ಹೊಡೆಯುವುದು, ಹೀಗೆ ಏಳಕ್ಕೆ ಕಾಲೇಜಿನವರು ಮುಗಿಬೀಳುತ್ತಿದ್ದರು. ಎಂಟನೆಯದು ಪಿನ್‌ಬಾಲ್. ಅದನ್ನು ಬಿಡಿಸಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಹಳೇ ಕಾಲದ ಪಿನ್‌ಬಾಲ್‌ನಲ್ಲಿ ನಿಜವಾದ ಉಕ್ಕಿನ ಗುಂಡು ಇರುತ್ತಿತ್ತಂತೆ. ನಮ್ಮದು ಡಿಜಿಟಲ್. ಸೊಂಟದೆತ್ತರದ ಮೇಜು, ಹಲಗೆಯ ಬದಲು ಅಂಗಾತ ಮಲಗಿಸಿದ ದೊಡ್ಡ ಟಿವಿ, ಅದರ ಮೇಲೆ ಗಾಜು. ಗುಂಡು ಟಿವಿಯೊಳಗೇ ಓಡುತ್ತದೆ. ಎದುರಿಗೆ ನಿಲ್ಲಿಸಿದ ಇನ್ನೊಂದು ಸಣ್ಣ ಟಿವಿಯಲ್ಲಿ ಸ್ಕೋರ್. ಮೇಜಿನ ಎಡಮಗ್ಗುಲಿಗೆ ಒಂದು ಬಟನ್, ಬಲಮಗ್ಗುಲಿಗೆ ಒಂದು. ಎಡಗಡೆಯದು ಒತ್ತಿದರೆ ಕೆಳಗಿನ ಎಡ ಫ್ಲಿಪ್ಪರ್ ಎದ್ದು ಗುಂಡನ್ನು ಹೊಡೆಯುತ್ತದೆ, ಬಲಗಡೆಯದು ಒತ್ತಿದರೆ ಬಲದ್ದು. ಫ್ಲಿಪ್ಪರ್ ಎಂದರೆ ಬೆರಳುದ್ದದ ಪಟ್ಟಿ. ಎರಡು ಪಟ್ಟಿಗಳ ನಡುವೆ ಒಂದು ಸಂದು. ಗುಂಡು ಆ ಸಂದಿಗೆ ಬಿದ್ದರೆ ಹೋಯಿತು. ಒಂದು ಆಟಕ್ಕೆ ಮೂರು ಗುಂಡು.

ಮೇಜಿನ ತುಂಬ ಒಬ್ಬ ಸೂಪರ್‌ಹೀರೋನ ಚಿತ್ರ. ಹೆಸರು ಇಂಗ್ಲಿಷಿನಲ್ಲಿತ್ತು. ಬೆನ್ನ ಮೇಲೆ ನೀಲಿ ಬಟ್ಟೆ ಹಾರುತ್ತಿದ್ದುದರಿಂದ ನಾನು ನೀಲಿ ಶಲ್ಯದವನು ಎನ್ನುತ್ತಿದ್ದೆ, ಕೊನೆಗೆ ಎಲ್ಲರೂ ಹಾಗೇ ಅಂದರು. ಎಡಗಡೆ ಒಂದು ರ‍್ಯಾಂಪ್, ಅಂದರೆ ಏರುದಾರಿ, ಗೋಪುರಕ್ಕೆ ಹೋಗುತ್ತದೆ. ಗುಂಡು ಅದನ್ನು ಹತ್ತಿದರೆ ಶಲ್ಯದವನು ಹಾರಿ ಹೋಗಿ ಕಲ್ಲುಮೋರೆಯ ರಾಕ್ಷಸನಿಗೆ ಒಂದು ಗುದ್ದು ಕೊಡುತ್ತಾನೆ. ಬಲಗಡೆಯ ರ‍್ಯಾಂಪ್ ಒಂದು ಮುರಿದ ಸೇತುವೆ. ಅದರ ಮೇಲೆ ಐದು ಜನ ಸಿಕ್ಕಿಹಾಕಿಕೊಂಡಿದ್ದಾರೆ, ಅವರ ಲೆಕ್ಕಕ್ಕೆ ಐದು ಕೆಂಪು ದೀಪ. ಗುಂಡು ಸೇತುವೆಯನ್ನು ಒಂದು ಸಲ ಹತ್ತಿದರೆ ಒಬ್ಬರು ಪಾರು, ಒಂದು ದೀಪ ಹಸಿರು. ನಡುವೆ ಅಣಬೆಯಂಥ ಮೂರು ಬಂಪರ್, ಗುಂಡು ತಾಗಿದರೆ ಒದೆಯುತ್ತವೆ. ಮೇಜನ್ನು ಜೋರಾಗಿ ಅಲ್ಲಾಡಿಸಿದರೆ ಟಿಲ್ಟ್. ಒಳಗಿನ ಸೆನ್ಸರ್‌ಗೆ ಗೊತ್ತಾಗಿ ಎರಡೂ ಫ್ಲಿಪ್ಪರ್ ಸತ್ತು ಬೀಳುತ್ತವೆ, ಗುಂಡು ನಮ್ಮ ಕಣ್ಣೆದುರಿಗೇ ಸಂದಿಗೆ ಇಳಿಯುತ್ತದೆ.

ಫ್ಲಿಪ್ಪರ್ ಓರೆಯಾಗಿ ಕೂತಿರುವುದರಿಂದ ಹೊಡೆತ ಎದುರು ಮಗ್ಗುಲಿಗೆ ಹೋಗುತ್ತದೆ. ಬಲ ಫ್ಲಿಪ್ಪರ್ ಹೊಡೆದರೆ ಎಡಗಡೆಯ ಗೋಪುರ. ಎಡ ಫ್ಲಿಪ್ಪರ್ ಹೊಡೆದರೆ ಬಲಗಡೆಯ ಸೇತುವೆ. ಗೋಪುರ ಹತ್ತಿದ ಗುಂಡು ಸುತ್ತಿಕೊಂಡು ಮತ್ತೆ ಬಲ ಫ್ಲಿಪ್ಪರ್‌ಗೇ ಇಳಿಯುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ದಿನಾ ಬೆಳಿಗ್ಗೆ ಗಾಜು ಒರೆಸಿ, ಎಲ್ಲ ಮೆಷಿನ್‌ನಲ್ಲೂ ಒಂದೊಂದು ಆಟ ಆಡಿ ಬಟನ್ ಸರಿ ಇದೆಯೇ ನೋಡಬೇಕೆಂದು ಅಂಗಡಿಯ ಯಜಮಾನರು ಹೇಳಿದ್ದರು. ವರ್ಷಗಟ್ಟಲೆ ಹಾಗೆ ಆಡಿದರೆ ಯಾರಿಗಾದರೂ ಬರುತ್ತದೆ.

ಮಳೆಗಾಲದ ಶುರುವಿನಲ್ಲಿ ಆ ಮೇಜಿಗೆ ಒಬ್ಬ ಕಾಯಂ ಗಿರಾಕಿ ಬಂದ. ಹೆಸರು ಷಣ್ಮುಖ, ವಯಸ್ಸು ನಲವತ್ತೆಂಟು. ಸಾಗರದಿಂದ ಹೊಸನಗರ, ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿಯುವ ಮಿನಿ ಬಸ್ಸಿನ ಡ್ರೈವರ್. ಬೇಸಿಗೆಯಲ್ಲಿ ಲಕ್ವ ಹೊಡೆದು ಎಡಗೈ ಬಿದ್ದುಹೋಗಿತ್ತು. ಕಾಲು, ಮಾತು ಬೇಗ ಸರಿಯಾದವು. ಕೈ ಅರ್ಧ ಬಂದು ನಿಂತಿತು. ಫಿಸಿಯೋಥೆರಪಿಯವರು ರಬ್ಬರ್ ಚೆಂಡು ಕೊಟ್ಟು ಹಿಸುಕುತ್ತಿರು ಎಂದಿದ್ದರು. ಅದು ಬೇಜಾರು ಬಂದು, ಇಲ್ಲಾದರೂ ಬೆರಳಿಗೆ ಕೆಲಸ ಆಗಲಿ ಎಂದು ಮೆಟ್ಟಿಲು ಹತ್ತಿ ಬಂದಿದ್ದ.

ಬಸ್ಸಿನ ಗೇರು ಇರುವುದು ಎಡಗೈಗೆ. ಘಾಟಿಯ ಒಂದೊಂದು ತಿರುವಿನಲ್ಲೂ ಗೇರು ಇಳಿಸಬೇಕು, ಆ ಹೊತ್ತಿಗೆ ಸ್ಟೀರಿಂಗ್ ಬಲಗೈ ಒಂದರಲ್ಲೇ ಇರುತ್ತದೆ. ಎಡಗೈ ಒಂದು ಗಳಿಗೆ ತಡ ಮಾಡಿದರೆ ಒಳಗೆ ಕೂತವರ ಗತಿ ಹೇಳಬೇಕಾಗಿಲ್ಲ. ಬಸ್ಸಿನ ಮಾಲೀಕರು ತೀರ್ಥಹಳ್ಳಿ ಕಡೆಯ ಗೌಡರು, ಒಳ್ಳೆಯ ಜನ. ಬದಲಿ ಡ್ರೈವರ್ ಹಾಕಿಕೊಂಡು, ದಸರೆಯವರೆಗೆ ಕಾಯುತ್ತೇನೆ, ಆಮೇಲೆ ಬದಲಿಯವನನ್ನೇ ಕಾಯಂ ಮಾಡುತ್ತೇನೆ ಎಂದಿದ್ದರು. ಷಣ್ಮುಖನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ.

ಹನ್ನೊಂದು ಗಂಟೆಗೆ, ಅಂಗಡಿ ಖಾಲಿ ಇರುವ ಹೊತ್ತು ನೋಡಿಕೊಂಡು ಬರುತ್ತಿದ್ದ.

"ಎಂತ ಹೂವಕ್ಕ, ನಿನ್ನ ಶಲ್ಯದವ ಎದ್ದನಾ?"

"ಅವ ಎದ್ದು ಹಲ್ಲುಜ್ಜಿ ಆಯ್ತು. ನಿಂದೇ ತಡ. ಚಪ್ಪಲಿ ಹೊರಗೆ ಬಿಡು ಮಾರಾಯ, ಈಗಷ್ಟೇ ಒರ್ಸಿದೀನಿ."

ಮೊದಲ ವಾರ ಗುಂಡು ಬಿಟ್ಟ ಕೂಡಲೇ ಸಂದಿಗೆ ಬೀಳುತ್ತಿತ್ತು. ಸ್ಕೋರ್ ಸಾವಿರದ ಲೆಕ್ಕ. ತಿಂಗಳಾಗುವಷ್ಟರಲ್ಲಿ ಲಕ್ಷ. ಎರಡೂವರೆ ತಿಂಗಳಿಗೆ ಒಂದು ಕೋಟಿ ದಾಟಿತು. ಕಾಲೇಜಿನವರು ಯಾರೂ ಆ ಮೇಜಿನಲ್ಲಿ ಕೋಟಿ ಮಾಡಿರಲಿಲ್ಲ. ನಾನು ಒರೆಸುವ ಬಟ್ಟೆ ಹಿಡಿದುಕೊಂಡೇ ಬಂದು, "ಕೈ ಬಂತು ಕಣಾ ನಿಂಗೆ" ಎಂದೆ. ಅಷ್ಟಕ್ಕೆ ನಿಲ್ಲಲಿಲ್ಲ. ಮೆಟ್ಟಿಲು ಹತ್ತಿ ಬಂದವರಿಗೆಲ್ಲ, ಡ್ರೈವರ್ ಷಣ್ಮುಖನ ಕೈ ಸರಿಯಾಯಿತು ಎಂದು ಹೇಳಿದೆ. ಅವನು ಆಸ್ಪತ್ರೆಗೆ ಹೋಗುವುದನ್ನೂ ಬಿಟ್ಟ.

"ಡಾಕ್ಟ್ರು ಯಂತಕ್ಕೆ ಹೂವಕ್ಕ? ಸ್ಕೋರೇ ಹೇಳ್ತಾ ಇದೆ ಅಲ್ದಾ?"

ನಾನೂ ಹೌದೆಂದೆ. ನನ್ನ ತಪ್ಪು ಅಲ್ಲಿಂದ ಶುರು.

ಅದಾಗಿ ಒಂದು ವಾರಕ್ಕೆ, ಅವನು ಆಡಿ ಹೋದ ಮೇಲೆ ಗಾಜು ಒರೆಸುತ್ತಿದ್ದೆ. ಆಟ ಮುಗಿದಾಗ ಯಾವ ದೀಪ ಹೊತ್ತಿದೆ, ಯಾವುದು ಹೊತ್ತಿಲ್ಲ ಎಂದು ಟಿವಿ ಸ್ವಲ್ಪ ಹೊತ್ತು ತೋರಿಸುತ್ತದೆ. ಗೋಪುರದ ದೀಪಗಳೆಲ್ಲ ಉರಿಯುತ್ತಿದ್ದವು. ಸೇತುವೆಯ ಐದೂ ಕೆಂಪು. ಕೋಟಿ ಹೊಡೆದವನು ಒಬ್ಬನನ್ನೂ ಪಾರು ಮಾಡಿರಲಿಲ್ಲ. ಮಾರನೇ ದಿನ ನೋಡಿದೆ, ಐದೂ ಕೆಂಪು. ಎಡಗಡೆ ಬಟನ್ ಸವೆದಿದೆ ಎಂದುಕೊಂಡು ನಾನೇ ಆಡಿ ನೋಡಿದೆ, ಇಬ್ಬರು ಪಾರಾದರು. ಕಾರಿನ ಮೆಷಿನ್ ರಿಪೇರಿಗೆ ಶಿವಮೊಗ್ಗದಿಂದ ಮೆಕ್ಯಾನಿಕ್ ಬಂದಿದ್ದ, ಅವನ ಕೈಯಲ್ಲಿ ಬಟನ್ ಬಿಚ್ಚಿಸಿ ನೋಡಿಸಿದೆ. "ಹೊಸದರ ಹಂಗೆ ಐತೆ ಅಮ್ಮ" ಎಂದ. ಅಲ್ಲಿಗೆ ಮೆಷಿನ್‌ನದ್ದು ತಪ್ಪಿಲ್ಲ ಎಂದಾಯಿತು.

ಮರುದಿನ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತೆ. ಎಲ್ಲರೂ ಗುಂಡು ನೋಡುತ್ತಾರೆ, ನಾನು ಅವನ ಕೈ ನೋಡಿದೆ. ಗುಂಡು ಎಡಗಡೆ ಇಳಿದಾಗ ಅವನು ಬಟನ್ ಒತ್ತುತ್ತಲೇ ಇರಲಿಲ್ಲ. ಎಡ ಫ್ಲಿಪ್ಪರನ್ನು ಸುಮ್ಮನೆ ಮಲಗಲು ಬಿಡುತ್ತಿದ್ದ. ಗುಂಡು ಅದರ ಮೇಲೆ ಬಿದ್ದು ಪುಟಿದು ತಾನಾಗಿಯೇ ಬಲ ಫ್ಲಿಪ್ಪರ್‌ಗೆ ದಾಟುತ್ತಿತ್ತು. ಬಲಗೈ ಅದನ್ನು ತಡೆದು ಗೋಪುರಕ್ಕೆ ಹೊಡೆಯುತ್ತಿತ್ತು, ಗೋಪುರದಿಂದ ಅದು ಮತ್ತೆ ಬಲಗೈಗೇ ಬರುತ್ತಿತ್ತು. ಹೀಗೆ ಸುತ್ತಿ ಸುತ್ತಿ ಕೋಟಿ. ಎಡಗೈ ಬಟನ್ ಮೇಲೆ ಕೂತಿತ್ತು ಅಷ್ಟೆ. ಮೋಸ ಮಾಡಬೇಕೆಂದು ಮಾಡಿದ್ದಲ್ಲ. ಎಡಗೈಗೆ ಕೆಲಸ ಕೊಡದೆ ಸಾಗಿಸುವುದನ್ನು ಅವನ ಮೈ ಕಲಿತುಬಿಟ್ಟಿತ್ತು, ಅವನಿಗೆ ಗೊತ್ತಿರಲಿಲ್ಲ.

ಆ ದಿನ ನಾನು ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಕೈ ಬಂತು ಎಂದು ಊರಿಗೆಲ್ಲ ಸಾರಿದವಳು ನಾನು. ಅದನ್ನೇ ಈಗ ಇಲ್ಲ ಎನ್ನುವುದು ಹೇಗೆ? ಸೊಂಟ ನೋಯುತ್ತಿತ್ತು, ಮಾತಾಡುವುದೇ ಬೇಡ ಅನ್ನಿಸುತ್ತಿತ್ತು. ಹೀಗೆ ನಾಲ್ಕು ದಿನ ತಳ್ಳಿದೆ.

ಐದನೇ ದಿನ ಶನಿವಾರ, ಷಣ್ಮುಖನ ಹಿಂದೆ ಗೌಡರೂ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

"ಎಂಥದು ಹೂವಮ್ಮ, ನಮ್ ಡ್ರೈವರ್ ಇಲ್ಲಿ ದಿನಾ ಕೋಟಿ ಹೊಡೀತಾನಂತೆ? ನಮ್ ಬಸ್ಸಲ್ಲಿ ಒಂದು ದಿನಾನೂ ಹೊಡೀಲಿಲ್ವಲ್ಲೇ!"

"ನೋಡಿ ಗೌಡ್ರೆ, ನೋಡಿ ಹೇಳಿ" ಎಂದು ಷಣ್ಮುಖ ಮೇಜಿನ ಮುಂದೆ ನಿಂತ.

ಗೌಡರು ನನ್ನ ಕಡೆ ತಿರುಗಿ, "ಸೋಮವಾರದಿಂದ ಬಸ್ ಇವನಿಗೇ ಕೊಡಾಣ ಅಂತಿದೀನಿ. ಆ ಬದಲಿಯವನ ಸಹವಾಸ ಸಾಕಾಗಿದೆ. ಕೈ ಮಾಡಿದಲ್ಲಿ ನಿಲ್ಸೋದೇ ಇಲ್ಲ ಅವ" ಎಂದರು.

ಷಣ್ಮುಖ ಅವತ್ತು ಮೊದಲ ಗುಂಡಿಗೇ ಕೋಟಿ ದಾಟಿಸಿದ. ಗೌಡರು ಚಪ್ಪಾಳೆ ತಟ್ಟಿದರು. ನಾನು ಬಟ್ಟೆ ಕೆಳಗಿಟ್ಟೆ.

"ಗೌಡ್ರೆ, ಅದು ಬಲಗೈ ಆಟ."

"ಎಂತ ಹೇಳ್ತಿದೀಯ ಹೂವಕ್ಕ?" ಷಣ್ಮುಖ ತಿರುಗಲಿಲ್ಲ.

"ಆ ಸೇತುವೆ ಮೇಲೆ ಐದು ಜನ ಇದಾರೆ. ಎಡಗೈಯಾಗೆ ಒಬ್ಬನ್ನ ಇಳ್ಸು ನೋಡಾಣ. ಬಲಗಡೆ ಬಟನ್ ನಾನು ಒತ್ತೀನಿ."

"ನೀನೇನು ಡಾಕ್ಟ್ರಾ? ಹೋಗು, ನೆಲ ಒರ್ಸು."

"ನೆಲ ಆಗಲೇ ಒರ್ಸಿ ಆಗಿದೆ."

ಗೌಡರು ನಕ್ಕು, "ಆಡೋ ಮಾರಾಯ. ಒಬ್ಬನ್ನ ಇಳ್ಸೋದಕ್ಕೆ ಎಂಥ ಜಗಳ?" ಎಂದರು.

ಹೊಸ ಆಟ ಹಾಕಿದೆವು. ಬಲಗಡೆ ನಾನು, ಎಡಗಡೆ ಅವನು. ಬಲಕ್ಕೆ ಬಂದ ಗುಂಡನ್ನು ತಡೆದು ನಿಲ್ಲಿಸಿ, ಮೆಲ್ಲಗೆ ಎಡ ಫ್ಲಿಪ್ಪರ್‌ಗೆ ದಾಟಿಸಿದೆ. ಅವನು ಒತ್ತಿದ. ತಡವಾಯಿತು. ಗುಂಡು ಸೇತುವೆಯ ಬಾಯಿ ತಪ್ಪಿ ಬಲಗೋಡೆಗೆ ಬಡಿದು ಸಂದಿಗೆ ಬಂತು.

"ನೀನು ಸರಿ ಕೊಡ್ಲಿಲ್ಲ" ಎಂದ.

ಎರಡನೆಯದನ್ನು ಇನ್ನೂ ನಿಧಾನವಾಗಿ ಕೊಟ್ಟೆ. ಗುಂಡು ಫ್ಲಿಪ್ಪರ್‌ನ ತುದಿ ದಾಟಿ ಹೋದ ಮೇಲೆ ಫ್ಲಿಪ್ಪರ್ ಎದ್ದಿತು. ಮೂರನೆಯದಕ್ಕೆ ಅವನ ಹಣೆಯಲ್ಲಿ ಬೆವರು. ಬೆರಳು ಮಾತು ಕೇಳದಿದ್ದಾಗ ಭುಜ ಹಾಕಿ ಒತ್ತಿದ. ಇಡೀ ಮೇಜು ಅಲ್ಲಾಡಿತು. ಟಿಲ್ಟ್. ಎರಡೂ ಫ್ಲಿಪ್ಪರ್ ಸತ್ತವು. ಗುಂಡು ನಿಧಾನಕ್ಕೆ ಉರುಳಿ ಇಳಿಯುವುದನ್ನು ಮೂವರೂ ನಿಂತು ನೋಡಿದೆವು. ಯಾರ ಕೈಯಲ್ಲೂ ಏನೂ ಮಾಡಲು ಆಗುತ್ತಿರಲಿಲ್ಲ.

ಮೊದಲು ಬಾಯಿಬಿಟ್ಟವರು ಗೌಡರು. ಅವರಿಗೂ ಷಣ್ಮುಖನೇ ಬೇಕಾಗಿದ್ದ.

"ಇದು ಆಟ ಅಲ್ವಾ ಹೂವಮ್ಮ? ಇದಕ್ಕೂ ಗೇರಿಗೂ ಎಂಥ ಸಂಬಂಧ?"

"ಕೋಟಿ ಬಂದಾಗ ಸಂಬಂಧ ಇತ್ತಲ್ಲ ಗೌಡ್ರೆ."

ಷಣ್ಮುಖ ಎಡಗೈಯನ್ನು ಬಿಚ್ಚಿದ, ಮುಚ್ಚಿದ, ಮತ್ತೆ ಬಿಚ್ಚಿದ. ಯಾರದೋ ಕೈ ನೋಡುವ ಹಾಗೆ ನೋಡುತ್ತಿದ್ದ.

"ಯಾವಾಗಿಂದ ಗೊತ್ತು ನಿಂಗೆ?"

"ನಾಲ್ಕು ದಿನ ಆಯ್ತು."

"ನಾಲ್ಕು ದಿನ ಇಲ್ಲೇ ನಿನ್ನೆದುರಿಗೇ ಆಡಿದೀನಿ. ನಂಗೊಬ್ಬನಿಗೆ ಹೇಳ್ಬೋದಿತ್ತಲ್ಲ? ಗೌಡ್ರ ಎದುರಿಗೇ ಆಗ್ಬೇಕಿತ್ತಾ?"

ನಾನು ಕೆಳಗಿಟ್ಟಿದ್ದ ಬಟ್ಟೆ ಎತ್ತಿಕೊಂಡೆ. ಅವನು ಮೆಟ್ಟಿಲು ಇಳಿದು ಹೋದ. ಗೌಡರು ಅವನ ಹಿಂದೆ ಹೋದರು.

ಸೋಮವಾರ ಬಸ್ಸು ಬದಲಿಯವನ ಕೈಯಲ್ಲೇ ಹೋಯಿತು. ಗೌಡರೇ ಷಣ್ಮುಖನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರಂತೆ. ಬೆರಳಿಗೆ ಸ್ಪರ್ಶ ಪೂರ್ತಿ ಬಂದಿಲ್ಲ, ಸದ್ಯಕ್ಕೆ ಯಾವ ಗಾಡಿಯನ್ನೂ ಮುಟ್ಟಬೇಡ ಎಂದು ಡಾಕ್ಟರ್ ಹೇಳಿದರಂತೆ. ದಸರೆ ಬಂತು, ಹೋಯಿತು. ಬದಲಿಯವನು ಕಾಯಂ ಆದ. ಗೌಡರು ಷಣ್ಮುಖನನ್ನು ಕೈಬಿಡಲಿಲ್ಲ. ಹೊಸನಗರ ಸ್ಟ್ಯಾಂಡಿನಲ್ಲಿ ತಮ್ಮ ಬಸ್ಸುಗಳ ಟೈಮ್ ನೋಡಿ ಜನ ಹತ್ತಿಸುವ ಕೆಲಸಕ್ಕೆ ಹಾಕಿದರು. ಹದಿನೆಂಟು ವರ್ಷ ಸ್ಟೀರಿಂಗ್ ಹಿಡಿದವನಿಗೆ ಅದು ಎಂಥ ಕೆಲಸ ಎಂದು ನಾನು ಹೇಳಬೇಕಾಗಿಲ್ಲ.

ಆ ಕೆಲಸಕ್ಕೆ ಸೇರಿ ತಿಂಗಳ ಮೇಲೆ ಒಂದು ದಿನ, ರಜೆಯಲ್ಲಿ ಇರಬೇಕು, ಹನ್ನೊಂದು ಗಂಟೆಗೆ ಬಂದ. ನಗಲಿಲ್ಲ, ಹೇಗಿದ್ದೀಯ ಎನ್ನಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಸ್ಕೋರ್ ತೋರಿಸುವ ಟಿವಿಯ ಮೇಲೆ ಹೊದಿಸಿದ.

"ಬಲಗಡೆ ನಿಲ್ಲು" ಎಂದ.

ನಿಂತೆ. ವಾರಕ್ಕೊಂದು ಸಲ ಹಾಗೆ ಆಡಿದೆವು, ಹೆಚ್ಚು ಮಾತಿಲ್ಲದೆ. ಒಂದು ಗುಂಡು ಸೇತುವೆ ಹತ್ತಲು ಆರು ವಾರ ಹಿಡಿಯಿತು. ಮುಂದಿನ ಬೇಸಿಗೆಯಲ್ಲಿ ಅಂಗಡಿ ಮುಚ್ಚಿದರು, ಮೇಜನ್ನು ಲಾರಿಗೆ ಹಾಕಿ ಒಯ್ದರು. ಆ ಹೊತ್ತಿಗೆ ಒಂದು ಆಟಕ್ಕೆ ಇಬ್ಬರನ್ನು ಪಾರು ಮಾಡುತ್ತಿದ್ದ, ಒಮ್ಮೊಮ್ಮೆ ಮೂವರನ್ನು. ಘಾಟಿಗೆ ಅದು ಸಾಲುವುದಿಲ್ಲ. ಅವನಿಗೂ ಗೊತ್ತಿತ್ತು, ಆದ್ದರಿಂದ ಇಬ್ಬರೂ ಆ ಮಾತು ಎತ್ತಲಿಲ್ಲ.

ಹೋದ ವರ್ಷ ಮಂಡಿ ತೋರಿಸಲು ತೀರ್ಥಹಳ್ಳಿಗೆ ಹೊರಟಿದ್ದೆ, ಗೌಡರ ಅದೇ ಬಸ್ಸಿನಲ್ಲಿ. ಹೊಸನಗರದಲ್ಲಿ ಷಣ್ಮುಖ ಕಿಟಕಿಯ ಹತ್ತಿರ ಬಂದ. "ಆರಾಮ ಕೂತ್ಕೋ. ಈ ಡ್ರೈವರ್‌ನ ಎಡಗೈ ನಾನೇ ನೋಡಿದೀನಿ" ಎಂದ. ತಮಾಷೆಯೋ ಚುಚ್ಚಿದ್ದೋ ಗೊತ್ತಾಗಲಿಲ್ಲ. ಬಸ್ಸಿನ ಮೈಗೆ ಎರಡು ಸಲ ಬಡಿದು ಹೊರಡಿಸಿದ. ಬಡಿದದ್ದು ಬಲಗೈಯಲ್ಲಿ.

ಆ ಅಂಗಡಿಯ ಕೆಲಸದಿಂದ ನಾನು ಕಲಿತದ್ದು ಇಷ್ಟು. ಚೆನ್ನಾಗಿ ನಡೆಯುತ್ತಿದೆ ಎಂದು ಕಂಡರೆ, ಯಾವುದರ ಮೇಲೆ ನಡೆಯುತ್ತಿದೆ ಎಂದು ನೋಡದೆ ಹೊಗಳಬಾರದು. ಕೆಟ್ಟದ್ದು ಗೊತ್ತಾದರೆ ಗೊತ್ತಾದ ದಿನವೇ, ಅವನೊಬ್ಬನಿಗೇ ಹೇಳಬೇಕು. ನಾನು ಹೇಳಿದ್ದು ನಿಜವೇ. ನಾಲ್ಕು ದಿನ ಇಟ್ಟುಕೊಂಡು ಹೇಳಿದ್ದರಿಂದ ಅವನ ಕೆಲಸದ ಜೊತೆ ಮಾನವೂ ಹೋಯಿತು. ಕೆಲಸ ಹೇಗಿದ್ದರೂ ಹೋಗುತ್ತಿತ್ತು. ಮಾನ ಉಳಿಸಬಹುದಿತ್ತು.