ನನ್ನ ಪಾಳಿಯ ಶನಿವಾರ

ಕಳೆದ ವಾರ ತೀರ್ಥಹಳ್ಳಿಯ ನೆಂಟರ ಮನೆಗೆ ಊಟಕ್ಕೆ ಹೋಗಿದ್ದೆ. ಕೈ ತೊಳೆಯಲೆಂದು ಹಿತ್ತಿಲಿಗೆ ಹೋದರೆ ಬ್ಲೀಚಿಂಗ್ ಪೌಡರಿನ ವಾಸನೆ. ಯಾರೋ ಆಗಷ್ಟೇ ನೀರಿನ ತೊಟ್ಟಿ ತೊಳೆದಿದ್ದರು. ಬಂದು ಎಲೆಯ ಮುಂದೆ ಕೂತೆ, ತುತ್ತು ಇಳಿಯಲಿಲ್ಲ. "ಅಡುಗೆ ಸೇರ್ಲಿಲ್ವಾ?" ಎಂದು ಮನೆಯಾಕೆ ಕೇಳಿದರು. ಸೊಂಟನೋವು ಎಂದೆ. ಹಳೆಯ ಸುಳ್ಳು, ಬಾಯಿಗೆ ತಾನಾಗಿಯೇ ಬರುತ್ತದೆ. ನಿಮಗಾದರೂ ನಿಜ ಹೇಳುತ್ತೇನೆ.

ಸಾಗರದಿಂದ ಇಕ್ಕೇರಿಗೆ ಹೋಗುವ ದಾರಿಯಲ್ಲಿ ನಾವು ಏಳು ಕುಟುಂಬದವರು ಒಟ್ಟಾಗಿ ಜಾಗ ಕೊಂಡು ಮನೆ ಕಟ್ಟಿಕೊಂಡೆವು. ಮನೆಗಳು ಬೇರೆ ಬೇರೆ. ಅಂಗಳ, ಬಾವಿ, ದೊಡ್ಡ ಅಡುಗೆಕೋಣೆ, ಮಳೆನೀರು ತುಂಬಿಡುವ ನೆಲದಡಿಯ ತೊಟ್ಟಿ ಎಲ್ಲರದು. ವಯಸ್ಸಾದ ಮೇಲೆ ಒಬ್ಬರಿಗೊಬ್ಬರು ಆಗಬೇಕೆಂಬ ಆಸೆ. ಮೊದಲ ಸಭೆಯಲ್ಲಿ ಭಾಷಣ ಬಿಗಿದವನು ನಾನೇ. ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದವನಿಗೆ ಎದುರು ನಾಲ್ಕು ಜನ ಕೂತರೆ ಸಾಕು, ಗಂಟಲು ತಾನಾಗಿ ಏರುತ್ತದೆ. "ಇಲ್ಲಿ ಕೆಲಸದವರು ಅಂತ ಬೇರೆ ಇರೋದು ಬೇಡ. ಚರಂಡಿ ಬಳಿಯೋದು, ತೊಟ್ಟಿ ತೊಳೆಯೋದು, ಎಲ್ಲ ಪಾಳಿ ಮೇಲೆ ನಾವೇ ಮಾಡೋಣ" ಎಂದೆ. ಚಪ್ಪಾಳೆ ಬಿತ್ತು.

ಪಾಳಿಯ ಪಟ್ಟಿ ಗೋಡೆಗೇರಿತು. ನನ್ನ ಸೊಂಟಕ್ಕೆ ಓದು ಬರುತ್ತದೆಂದು ಗೊತ್ತಾದದ್ದು ಆಮೇಲೆ. ಹೂಗಿಡಕ್ಕೆ ನೀರು ಹಾಕುವ ಶನಿವಾರ ಅದು ನೆಟ್ಟಗಿರುತ್ತಿತ್ತು. ಚರಂಡಿಯ ಶನಿವಾರ ಬೆಳಗಾಗುವುದರೊಳಗೆ ಹಿಡಿದುಕೊಳ್ಳುತ್ತಿತ್ತು. ಹೆಂಡತಿ ಸುಮಿತ್ರಾ ಮೊದಮೊದಲು ಎಣ್ಣೆ ತಿಕ್ಕಿದಳು. ಆಮೇಲೆ ಸುಮ್ಮನೆ ನೋಡತೊಡಗಿದಳು.

ಅಂಥ ದಿನಗಳಲ್ಲಿ ನನ್ನ ಬದಲು ಗುದ್ದಲಿ ಹಿಡಿಯುತ್ತಿದ್ದವನು ನಾಗಪ್ಪ. ಬಸ್ ಚಾಲಕನಾಗಿ ನಿವೃತ್ತನಾದವನು, ಮೂರನೆಯ ಮನೆಯವನು. ನಾವಿಬ್ಬರೂ ಹೊಸನಗರದ ಹತ್ತಿರದ ಒಂದೇ ಊರಿನವರು, ಒಂದೇ ಶಾಲೆಯಲ್ಲಿ ಓದಿದವರು. ಅವನ ಅಪ್ಪ ನಮ್ಮಜ್ಜನ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ. ಉಳುವವನಿಗೇ ಭೂಮಿ ಎಂದಾದಾಗ ಗದ್ದೆ ಅವರದಾಯಿತು. ಅಜ್ಜ ಸಾಯುವವರೆಗೂ ಆ ಕಡೆ ಮುಖ ಹಾಕಲಿಲ್ಲ. ಅದೆಲ್ಲ ಮುಗಿದ ಕಥೆ ಎಂದು ನಾನು ನಂಬಿದ್ದೆ. ಆದರೆ ನಾನು ಸೊಂಟಕ್ಕೆ ಕೈ ಹಚ್ಚಿದ ಕೂಡಲೇ ನಾಗಪ್ಪ, "ಬಿಡಿ ಒಡೇರೆ, ನಿಮ್ಮನೆ ಕೆಲ್ಸ ನಮ್ಗೇನು ಹೊಸ್ತಾ?" ಎಂದು ನಗುತ್ತಿದ್ದ. "ಒಡೇರೆ ಅನ್ಬೇಡ್ವೋ ಮಾರಾಯ" ಎಂದು ನಾನೂ ನಗುತ್ತಿದ್ದೆ. ಅವನ ಕೈಯಿಂದ ಗುದ್ದಲಿ ಮಾತ್ರ ಇಸಿದುಕೊಳ್ಳಲಿಲ್ಲ.

ಮಳೆಗಾಲಕ್ಕೆ ಮುಂಚೆ ತೊಟ್ಟಿ ತೊಳೆಯುವ ಪಾಳಿ ಆ ವರ್ಷ ನನ್ನದು. ತಿಂಗಳುಗಟ್ಟಲೆ ಮುಚ್ಚಿದ ತೊಟ್ಟಿಯಲ್ಲಿ ಎಲೆ ಕೊಳೆತು ಕೆಟ್ಟ ಗಾಳಿ ನಿಂತಿರುತ್ತದೆ. ಪಾಳಿಯವರು ಹಿಂದಿನ ದಿನವೇ ಮುಚ್ಚಳ ತೆಗೆದಿಡಬೇಕು ಎಂದು ಪಟ್ಟಿಯ ಕೆಳಗೆ ಬರೆದವನೂ ನಾನೇ. ಶುಕ್ರವಾರ ಮರೆತೆ. ಶನಿವಾರ ಬೆಳಿಗ್ಗೆ ನೆನಪಾಗಿ ಓಡಿಹೋಗಿ ಮುಚ್ಚಳ ಸರಿಸಿದೆ. ಹತ್ತು ನಿಮಿಷವೂ ಆಗಿರಲಿಲ್ಲ, ನಾಗಪ್ಪ ಪೊರಕೆ, ಬ್ಲೀಚಿಂಗ್ ಪೌಡರಿನ ಡಬ್ಬ ಹಿಡಿದು ಬಂದ. ನನ್ನ ಮುಖ ನೋಡಿಯೇ, "ಹಿಡ್ಕಂತಾ ಸೊಂಟ? ಸರೀರಿ ಆಚೆ" ಎಂದ. ಏಣಿ ಇಳಿಸುತ್ತಾ ಕೇಳಿದ: "ಮುಚ್ಳ ನಿನ್ನೆನೇ ತೆಗ್ದಿದ್ರಲ್ಲ?"

"ಹ್ಞೂಂ, ನಿನ್ನೆನೇ" ಎಂದೆ.

ಯಾಕೆ ಹಾಗೆಂದೆ ಎಂದು ನೀವು ಕೇಳಬಹುದು. ಅವನೆದುರು ಸಣ್ಣವನಾಗಬಾರದು ಎಂಬುದು ಬಿಟ್ಟರೆ ಬೇರೆ ಕಾರಣ ನನಗೆ ಇಂದಿಗೂ ಸಿಕ್ಕಿಲ್ಲ.

ಅವನು ಕೆಳಗಿಳಿದು ಪೊರಕೆಗೆ ಬಗ್ಗಿದ. ಬಗ್ಗಿದವನು ಹಾಗೇ ಕೂತ. ಆಮೇಲೆ ಮಗ್ಗುಲಿಗೆ ಬಿದ್ದ. ನಾನು ಕೂಗಿಕೊಂಡು ಏಣಿಗೆ ಕಾಲಿಟ್ಟೆ. ಪಕ್ಕದ ಮನೆಯ ಪುಷ್ಪಕ್ಕ ಓಡಿಬಂದರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ನನ್ನ ಅಂಗಿ ಹಿಡಿದು ಹಿಂದಕ್ಕೆಳೆದರು. "ಇಳೀಬೇಡಿ, ನೀವೂ ಹೋಗ್ತೀರಿ!" ಅಗ್ನಿಶಾಮಕದವರು ಸಾಗರದಿಂದ ಬಂದು ಮೇಲೆತ್ತುವ ಹೊತ್ತಿಗೆ ಎಲ್ಲ ಮುಗಿದಿತ್ತು.

ನಾಗಪ್ಪನ ಹೆಂಡತಿ ಗಿರಿಜಮ್ಮ ಅಡುಗೆಕೋಣೆಯಲ್ಲಿ ಎಲ್ಲರಿಗಾಗಿ ಹಲಸಿನಹಣ್ಣು ಬಿಡಿಸುತ್ತಿದ್ದರು. ಓಡಿಬಂದು, ಕೈಯೆಲ್ಲ ಮೇಣವೆಂದು ಅಂಗೈಗಳನ್ನು ಮೇಲೆತ್ತಿಕೊಂಡೇ ಗಂಡನ ಪಕ್ಕ ಕೂತರು. ಎಷ್ಟೋ ಹೊತ್ತಿನ ಮೇಲೆ ಮುಖ ಮುಟ್ಟಿದರು. ಆ ಮೇಣಕ್ಕೆ ಅವನ ಕೆನ್ನೆಯ ಕೆಸರು ಅಂಟಿಕೊಂಡಿತು.

ಪೊಲೀಸರು ಆಕಸ್ಮಿಕ ಎಂದು ಬರೆದುಕೊಂಡರು. ಮುಚ್ಚಳದ ಮಾತು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನ ಪಾಳಿಗೆ ಅವನು ಇಳಿದನೆಂದು ಎಲ್ಲರಿಗೂ ಗೊತ್ತಿತ್ತು. ಪಾಪ, ನಿಮ್ಮ ಸ್ನೇಹಿತ ಎಂದು ನನ್ನನ್ನೇ ಸಂತೈಸಿದರು. ಆ ಸಂತಾಪವನ್ನು ಎಂಟು ತಿಂಗಳು ಉಂಡೆ.

ಕಡೆಗೊಂದು ಮಧ್ಯಾಹ್ನ ಗಿರಿಜಮ್ಮನ ಜಗಲಿಯಲ್ಲಿ ಕೂತು ಹೇಳಿಬಿಟ್ಟೆ. ಅವರು ಅವರೆಕಾಯಿ ಸುಲಿಯುತ್ತಿದ್ದರು. ಮೊರವನ್ನು ಪಕ್ಕಕ್ಕಿಟ್ಟರು.

"ಹೇಳಿ ನಿಮ್ಗೆ ಹಗುರಾಯ್ತು" ಎಂದರು. "ನಾನು ಇದ್ನ ಎಲ್ಲಿಟ್ಕಳ್ಲಿ?"

ನನಗೆ ಬೇಕಿದ್ದದ್ದು ಕ್ಷಮೆ. ಅದನ್ನೂ ಅವರಿಂದಲೇ ಮಾಡಿಸಿಕೊಳ್ಳಬೇಕಾದ ಕೆಲಸವೆಂಬಂತೆ ಹೋಗಿದ್ದೆ ಎಂದು ಆಗ ಹೊಳೆಯಿತು.

"ನಂಗೊಬ್ಳಿಗೇ ಹೇಳಿದ್ರೆ ಆಗ್ಲಿಲ್ಲ. ಎಲ್ಲರ ಮುಂದೆ ಹೇಳಿ. ಸ್ಟೇಷನ್ನಿಗೂ ಹೋಗಿ ಹೇಳಿ. ಅವರು ತಮ್ಮ ತಪ್ಪಿಂದ ಸತ್ರು ಅಂತ ಜನ ಆಡ್ಕಂತಾರೆ. ಗಾಳಿ ಕೆಟ್ಟಿದ್ದು ತಿಳೀದಷ್ಟು ದಡ್ಡ ಅಲ್ಲ ನನ್ ಗಂಡ."

ಹೇಳಿದೆ. ಸಭೆಯಲ್ಲಿ ಈ ಸಲ ಗಂಟಲು ಏರಲಿಲ್ಲ. ಸುಮಿತ್ರಾ ಎದ್ದು ಒಳಗೆ ಹೋದಳು. ಪುಷ್ಪಕ್ಕ, "ಅವತ್ತು ನಿಮ್ಮನ್ನ ಹಿಂದಕ್ಕೆ ಎಳ್ದೆನಲ್ಲ" ಎಂದರು. ಸ್ಟೇಷನ್ನಿನಲ್ಲಿ ಹೇಳಿಕೆ ಬರೆದುಕೊಂಡರು. ನನ್ನ ಮೇಲಿನ ಕೇಸು ಸಾಗರದ ಕೋರ್ಟಿಗೆ ಬಂತು.

ಇವತ್ತು ನನ್ನನ್ನು ಕೇಳುವ ದಿನವಿತ್ತು. ಒಳಗೆ ಕರೆಯುವ ಮುಂಚೆ ನನ್ನ ವಕೀಲರು ಪಕ್ಕಕ್ಕೆ ಕರೆದು, "ಮುಚ್ಚಳ ಯಾವಾಗ ತೆಗೆದದ್ದು ಅಂತ ಸರಿಯಾಗಿ ನೆನಪಿಲ್ಲ ಅನ್ನಿ. ವಯಸ್ಸಾಗಿದೆ, ಯಾರೂ ಅನುಮಾನ ಪಡಲ್ಲ" ಎಂದರು. ಗಿರಿಜಮ್ಮ ಎದುರಿನ ಬೆಂಚಿನಲ್ಲಿದ್ದರು. ಕೇಳಿಸಿತೋ ಇಲ್ಲವೋ, ಅವರು ಕಿಟಕಿಯತ್ತಲೇ ನೋಡುತ್ತಿದ್ದರು.

ಒಳಗೆ ಕೇಳಿದಾಗ, "ನೆನಪಿದೆ ಸ್ವಾಮಿ" ಎಂದೆ. ಗಂಟೆ ಸಮೇತ ಹೇಳಿದೆ.

ಗಿರಿಜಮ್ಮನೂ ನಾನೂ ಒಂದೇ ಬಸ್ಸಿನಲ್ಲಿ ಬಂದೆವು. ನಮ್ಮ ಕಡೆಗೆ ಆ ಹೊತ್ತಿಗೆ ಇರುವುದು ಅದೊಂದೇ. ಅವರು ಮುಂದೆ, ನಾನು ಹಿಂದೆ. ನಮ್ಮ ನಿಲ್ದಾಣದಲ್ಲಿ ಅವರು ಇಳಿದು ಕಾಯದೆ ನಡೆದರು, ನಾನೂ ಕರೆಯಲಿಲ್ಲ. ಅಂಗಳ ಒಂದೇ ಅಲ್ಲವೇ? ಅವರು ಒಳಹೊಕ್ಕು ಬಾಗಿಲು ಹಾಕಿಕೊಳ್ಳುವವರೆಗೆ ಗೇಟಿನ ಹೊರಗೆ ನಿಂತಿದ್ದು, ಆಮೇಲೆ ದಾಟಿದೆ.