ಅಪ್ಪ ಒಪ್ಪಿದ ಮೇಲಿನ ಮೊದಲ ಮಾತು

ಹೋದ ವಾರ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟ್ ಒಳಗಿಂದ ಸ್ಕೂಟರಿನಲ್ಲಿ ಬರುತ್ತಿದ್ದೆ. ಅರ್ಧ ತೆರೆದ ಶಟರ್ ಒಳಗೆ ಲೇತ್ ತಿರುಗುತ್ತಿತ್ತು. ಬಿಸಿ ಕಬ್ಬಿಣಕ್ಕೆ ಆಯಿಲ್ ಬಿದ್ದ ವಾಸನೆ ಮೂಗಿಗೆ ಬಡಿದದ್ದೇ ತಡ, ನಡುರಸ್ತೆಯಲ್ಲೇ ಬ್ರೇಕ್ ಹಾಕಿಬಿಟ್ಟೆ. ನಮ್ಮ ಓನರ್ ಅಂಕಲ್ ಎಷ್ಟು ಸೋಪು ತಿಕ್ಕಿದರೂ ಮೈಯಿಂದ ಹೋಗದಿದ್ದ ವಾಸನೆ ಅದು... ಹಿಂದಿನವನು ಹಾರ್ನ್ ಹೊಡೆದು ಬೈದುಕೊಂಡು ಹೋದ.

ಮದುವೆಯಾದ ಹೊಸತರಲ್ಲಿ ನಾವು ಬಸವೇಶ್ವರನಗರದಲ್ಲಿ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಪ್ಲಾಸ್ಟಿಕ್ ಸಾಮಾನಿಗೆ ಅಚ್ಚು ಮಾಡಿಕೊಡುವ ಸಣ್ಣ ವರ್ಕ್‌ಶಾಪ್ ಅವರದು. ಒಬ್ಬಳೇ ಮಗಳು. ಮೆಚ್ಚಿದವನನ್ನು ರಿಜಿಸ್ಟರ್ ಮದುವೆಯಾಗಿ ಕೆಂಗೇರಿಯಲ್ಲಿದ್ದಳು. ಅಂದಿನಿಂದ ಅಪ್ಪ ಮಗಳಿಗೆ ಮಾತಿಲ್ಲ. ಆಂಟಿ ಭಾನುವಾರ ತಪ್ಪದೆ ಮಗಳ ಮನೆಗೆ ಹೋಗುತ್ತಿದ್ದರು. ಅಂಕಲ್ ಹೋಗಬೇಡ ಎನ್ನುತ್ತಿರಲಿಲ್ಲ, ಬಂದ ಮೇಲೆ ಹೇಗಿದ್ದಾಳೆ ಎಂದೂ ಕೇಳುತ್ತಿರಲಿಲ್ಲ.

ಆಂಟಿ ಹೊರಟ ಮೇಲೆ ಅಂಕಲ್ ಮೆಟ್ಟಿಲ ಬುಡದಲ್ಲಿ ನಿಂತು ನನ್ನನ್ನು ಕರೆಯುತ್ತಿದ್ದರು. ಟಿವಿಯಲ್ಲಿ ಸಿನಿಮಾ ಹುಡುಕುವುದು ಅವರಿಗೆ ಬಗೆಹರಿಯದು. ಯಾವ ಭಾಷೆಯದಾದರೂ ಸರಿ, ಹುಡುಗ ಹುಡುಗಿ ಜಗಳವಾಡಿ ನಗಿಸಿ ಕೊನೆಗೆ ಒಂದಾಗುವ ಸಿನಿಮಾನೇ ಆಗಬೇಕು. ನನಗೋ ಹತ್ತು ನಿಮಿಷ ಒಂದು ಕಡೆ ಕೂತು ಅಭ್ಯಾಸವಿಲ್ಲ. ಈಗ ಮಳೆ ಬರುತ್ತೆ, ಈಗ ತಪ್ಪು ತಿಳಿದುಕೊಳ್ಳುತ್ತಾಳೆ, ಈಗ ಅವನು ಏರ್‌ಪೋರ್ಟಿಗೆ ಓಡುತ್ತಾನೆ ಎಂದು ಮೊದಲೇ ಹೇಳಿ ರಿಮೋಟ್ ಒತ್ತಿ ಓಡಿಸುತ್ತಿದ್ದೆ. ಎಲ್ಲ ಒಂದೇ ಥರ ಅಲ್ಲವಾ ಎಂದು ಒಮ್ಮೆ ರೇಗಿಸಿದೆ.

"ಒಂದು ಅಚ್ಚಲ್ಲಿ ತೆಗೆದ ಪೀಸು ಒಂದೇ ಥರ ಇರ್ಬೇಕು ಕಣಮ್ಮ. ಬೇರೆ ಥರ ಬಂದ್ರೆ ಅದು ರಿಜೆಕ್ಟು" ಅಂದರು.

ಹಾಗನ್ನುವವರು ಸೆಕೆಂಡ್ ಹಾಫ್ ಶುರುವಾದರೆ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಿರಲಿಲ್ಲ. ಎದ್ದು ಬಾಗಿಲಿಗೆ ಹೋಗುವರು, ಬಂದು ಕೂರುವರು, ಮತ್ತೆ ಏಳುವರು. ಅವರು ಕಾಯುತ್ತಿದ್ದುದು ಹೀರೋಗಲ್ಲ, ಹುಡುಗಿಯ ಅಪ್ಪನಿಗೆ ಎಂದು ನನಗೆ ಹೊಳೆಯಲು ಎಷ್ಟೋ ಭಾನುವಾರಗಳೇ ಹಿಡಿದವು. ಹಟ ಹಿಡಿದ ಅಪ್ಪ ಕೊನೆಗೆ ಒಪ್ಪುತ್ತಾನೆ, ಮಗಳು ಓಡಿ ಬಂದು ಅಪ್ಪಿಕೊಳ್ಳುತ್ತಾಳೆ, ಮುಂದೆ ನೋಡಿದರೆ ಮದುವೆ ಮಂಟಪ. ಅಲ್ಲಿಗೆ ಬಂದಾಗಲೆಲ್ಲ ಹಿಂದಕ್ಕೆ ಹಾಕಿಸಿ ಮತ್ತೆ ನೋಡುತ್ತಿದ್ದರು. ಒಪ್ಪಿದ ಸರಿ, ಆಮೇಲೆ ಮಗಳ ಹತ್ತಿರ ಮೊದಲು ಏನು ಮಾತಾಡಿದ ಅಂತ ಯಾರೂ ತೋರಿಸುವುದೇ ಇಲ್ಲವಲ್ಲ ಎಂದು ಅವರ ತಕರಾರು.

ನನ್ನದೂ ಲವ್ ಮ್ಯಾರೇಜ್, ನನ್ನ ಅಪ್ಪನೂ ಎಂಟು ತಿಂಗಳು ಮುಖ ತಿರುಗಿಸಿದ್ದವರು. ಅದು ಗೊತ್ತಿದ್ದ ಅಂಕಲ್ ಒಂದು ದಿನ ಟಿವಿ ಕಡೆಗೇ ಕಣ್ಣಿಟ್ಟು ಕೇಳಿದರು.

"ನಿಮ್ಮಪ್ಪ ಬಂದಾಗ ಮೊದಲು ಏನಂದ್ರು?"

ಅಪ್ಪ ಬಾಗಿಲಲ್ಲಿ ನಿಂತು, ಇಲ್ಲಿ ನೀರು ಎಷ್ಟು ಹೊತ್ತಿಗೆ ಬಿಡ್ತಾರೆ ಎಂದು ಕೇಳಿದ್ದನ್ನು ನಗುತ್ತಾ ಹೇಳಿದೆ. ಅಷ್ಟೇನಾ ಅಂದರು. ಅಷ್ಟೇ ಅಂದೆ. ಅವರ ಮುಖ ಹಗುರವಾದದ್ದು ಕಂಡು ನನಗೆ ತಡೆಯಲಾಗಲಿಲ್ಲ. ಮುಂದಿನ ಶನಿವಾರವೇ ಮಗಳ ಮನೆಗೆ ಹೊರಡಿಸಿ ನಾನೂ ಜೊತೆಗೆ ಹೋದೆ. ವಿಜಯನಗರದಲ್ಲಿ ಮೆಟ್ರೋ ಹತ್ತಿದವರು ಸೀಟಿದ್ದರೂ ಕೂರಲಿಲ್ಲ.

ಮಗಳೇ ಬಾಗಿಲು ತೆಗೆದಳು. ಅಂಕಲ್ ಹೊಸಿಲಾಚೆ ನಿಂತು, ಹೇಳಿಕೊಟ್ಟ ಪಾಠದ ಹಾಗೆ, "ಇಲ್ಲಿ ನೀರು ಎಷ್ಟು ಹೊತ್ತಿಗೆ ಬಿಡ್ತಾರೆ?" ಅಂದರು.

"ಬೆಳಿಗ್ಗೆ ಆರಕ್ಕೆ ಅಪ್ಪ."

ಈಗ ಓಡಿ ಬಂದು ಅಪ್ಪಿಕೊಳ್ಳುತ್ತಾಳೆ ಎಂದು ನಾನೂ ಪೆದ್ದಿಯ ಹಾಗೆ ಕಾಯುತ್ತಿದ್ದೆ. ಅಂಕಲ್ ಗೋಡೆಯ ಮೀಟರ್ ಬೋರ್ಡ್ ನೋಡಿದರು, ಮಗಳು ಅವರ ಚಪ್ಪಲಿ ನೋಡಿದಳು. ಬರ್ತೀನಿ ಎಂದು ಅಂಕಲ್ ತಿರುಗಿಬಿಟ್ಟರು. ನನಗೆ ಇಬ್ಬರ ಮೇಲೂ ಕೆಟ್ಟ ಕೋಪ ಬಂತು.

ವಾಪಸ್ ಬರುವಾಗ ಮೆಟ್ರೋದಲ್ಲಿ ಮೆಲ್ಲಗೆ, "ಎರಡನೇ ಮಾತು ಏನು ಅಂತ ನಾವು ಯೋಚ್ನೆನೇ ಮಾಡ್ಲಿಲ್ಲ ಅಲ್ವೇನಮ್ಮ" ಅಂದರು.

ಇನ್ನೊಂದು ಸಲ ಹೋಗೋಣ ಅಂದೆ. ಅಷ್ಟರಲ್ಲಿ ನಾವು ಬ್ಯಾಡರಹಳ್ಳಿಗೆ ಮನೆ ಬದಲಾಯಿಸಿದೆವು. ಪ್ಯಾಕಿಂಗ್, ಗ್ಯಾಸ್, ಇಂಟರ್ನೆಟ್... ಅಂಕಲ್ ಎರಡು ಸಲ ಫೋನ್ ಮಾಡಿ ಅದನ್ನೇ ಕೇಳಿದರು, ನಿಮ್ಮಪ್ಪ ಎರಡನೇ ಮಾತು ಏನಂದ್ರು ಅಂತ. ಎರಡು ಸಲವೂ, ಭಾನುವಾರ ಬಂದು ಹೇಳ್ತೀನಿ ಎಂದು ಅವಸರದಲ್ಲಿ ಫೋನ್ ಇಟ್ಟೆ. ಹೋಗಲಿಲ್ಲ. ಮುಂದಿನ ತಿಂಗಳು ವರ್ಕ್‌ಶಾಪಿನಲ್ಲೇ ಎದೆ ಹಿಡಿದುಕೊಂಡು ಕುಸಿದರಂತೆ. ಆಸ್ಪತ್ರೆ ತಲುಪಲಿಲ್ಲ.

ವೈಕುಂಠ ಸಮಾರಾಧನೆಯ ದಿನ ಮಗಳು ಮೆಟ್ಟಿಲ ಮೇಲೆ ನನ್ನ ಪಕ್ಕ ಬಂದು ಕೂತಳು.

"ಒಳಗೆ ಬಾ ಅಂತ ನಾನೇ ಅನ್ಬೇಕಿತ್ತು ಅಕ್ಕ. ಅಪ್ಪ ಇನ್ನೊಂದು ಮಾತಾಡ್ಲಿ ಅಂತ ಕಾಯ್ತಾ ಇದ್ದೆ" ಅಂದಳು.

ನಾಲ್ಕು ವರ್ಷವಾಯಿತು. ಅಂಥ ಸಿನಿಮಾಗಳನ್ನು ಈಗಲೂ ನೋಡುತ್ತೇನೆ, ಹುಡುಗಿಯ ಅಪ್ಪ ಒಪ್ಪುವ ಹೊತ್ತಿಗೆ ಮಾತ್ರ ಎದ್ದು ಅಡುಗೆಮನೆಗೆ ಹೋಗುತ್ತೇನೆ. ನನ್ನ ಅಪ್ಪ ಎರಡನೇ ಮಾತು ಆಡಿರಲೇ ಇಲ್ಲ. ನೀರಿನ ವಿಷಯ ಕೇಳಿ ಅವರೂ ಹಾಗೇ ಬಾಗಿಲಲ್ಲಿ ಕಲ್ಲಿನಂತೆ ನಿಂತಿದ್ದರು. ನನ್ನ ಗಂಡ ಕುರ್ಚಿ ಎಳೆದು, ಕೂತ್ಕೊಳಿ ಮಾವ ಅಂದಿದ್ದ. ಕತೆ ಚೆನ್ನಾಗಿರಲಿ ಎಂದು ನಾನು ಅಷ್ಟನ್ನು ಬಿಟ್ಟು ಹೇಳಿದ್ದೆ. ಕೆಂಗೇರಿಯ ಆ ಬಾಗಿಲಲ್ಲಿ ಅವರಿಬ್ಬರ ಜೊತೆ ಮೂರನೆಯವಳಾಗಿ ನಿಂತಿದ್ದವಳು ನಾನೊಬ್ಬಳೇ.